ಕೊಳವೆಬಾವಿ ಪಂಪಿನ ಆರೋಗ್ಯ: ಮೋಟಾರಿನ ವಿದ್ಯುತ್ ಬಳಕೆಯಿಂದ ತಿಳಿಯುವ ಬಗೆ

ದಾವಣಗೆರೆ: ನೆಲದಿಂದ ಮುನ್ನೂರು ಅಡಿ ಕೆಳಗೆ, ಆರೂವರೆ ಇಂಚಿನ ರಂಧ್ರದೊಳಗೆ, ನೀರಿನಲ್ಲಿ ಮುಳುಗಿ ಓಡುವ ಯಂತ್ರವನ್ನು ಯಾರೂ ಕಣ್ಣಾರೆ ಕಾಣುವಂತಿಲ್ಲ. ಅದರ ಸದ್ದು ಮೇಲಕ್ಕೆ ಕೇಳಿಸದು. ಬಿಸಿಯೇರಿದೆಯೇ ಎಂದು ಮುಟ್ಟಿ ನೋಡಲಾಗದು. ಆ ಯಂತ್ರಕ್ಕೂ ಮನೆಯವರಿಗೂ ಉಳಿದಿರುವ ಸಂಪರ್ಕ ಎರಡೇ: ಮೇಲಕ್ಕೆ ಬರುವ ನೀರು ಮತ್ತು ಕೆಳಕ್ಕೆ ಹೋಗುವ ವಿದ್ಯುತ್ತು. ಇವೆರಡನ್ನೂ ಅಳೆದು, ಹಿಂದಿನ ಅಳತೆಯೊಡನೆ ಹೋಲಿಸಿ, ಪಂಪು, ಪೈಪು, ಮೋಟಾರು ಹಾಗೂ ಬಾವಿ ಯಾವ ಸ್ಥಿತಿಯಲ್ಲಿವೆ ಎಂದು ನಿರ್ಧರಿಸುವ ಕ್ರಮವೇ ವಿದ್ಯುತ್ ಬಳಕೆಯ ಮೂಲಕ ಪಂಪಿನ ಕಾರ್ಯಕ್ಷಮತೆಯ ನಿಗಾ. ದೊಡ್ಡ ನೀರು ಸರಬರಾಜು ಸ್ಥಾವರಗಳಲ್ಲಿ ಇದು ಹಳೆಯ ರೂಢಿ. ಮನೆಯ ಕೊಳವೆಬಾವಿಗೂ ಇದನ್ನು ಅನ್ವಯಿಸಬಹುದು ಎಂಬ ಅರಿವು ಮಾತ್ರ ಅಷ್ಟಾಗಿ ಹರಡಿಲ್ಲ.

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಂಥ ವಸತಿ ಪ್ರದೇಶದಲ್ಲಿ ಈ ಅರಿವಿಗೆ ಬೆಲೆಯಿದೆ. ನಗರಕ್ಕೆ ಕುಡಿಯುವ ನೀರು ಒದಗುವುದು ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರಾ ನದಿಯಿಂದ ಹಾಗೂ ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯಂಥ ಸಂಗ್ರಹಗಳಿಂದ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ‘ಜಲಸಿರಿ’ ಯೋಜನೆಯು ದಾವಣಗೆರೆ, ಹರಿಹರ, ರಾಣೆಬೆನ್ನೂರು ಮತ್ತು ಬ್ಯಾಡಗಿಗಳಿಗೆ ನಿರಂತರ ನೀರು ಕೊಡುವ ಉದ್ದೇಶ ಹೊಂದಿದೆ. ಆದರೂ ನಲ್ಲಿ, ಸಂಪು ಮತ್ತು ತಾರಸಿಯ ಟ್ಯಾಂಕಿನ ಜೊತೆಗೆ ಕಾಂಪೌಂಡಿನ ಮೂಲೆಯಲ್ಲೊಂದು ಬೋರ್‌ವೆಲ್ ಇದ್ದರೆ ಮಾತ್ರ ಮನೆಯೊಡೆಯನಿಗೆ ಧೈರ್ಯ. ಬೇಸಿಗೆಯಲ್ಲಿ ನದಿ ಸೊರಗಿ ನಾಲೆ ಬಂದ್ ಆದಾಗ ಬಡಾವಣೆಯ ನೀರಿನ ಭಾರ ಈ ರಂಧ್ರಗಳ ಮೇಲೆಯೇ ಬೀಳುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಮರುವರ್ಷದ ಬೇಸಿಗೆಯಲ್ಲಿ ಟ್ಯಾಂಕರ್ ಮತ್ತು ರಿಗ್ ಲಾರಿಗಳಿಗೆ ಎಲ್ಲ ಊರುಗಳಲ್ಲೂ ಎಲ್ಲಿಲ್ಲದ ಬೇಡಿಕೆ ಬಂದುದನ್ನು ಓದುಗರು ಮರೆತಿರಲಾರರು. ಪಂಪು ಕೆಡುವುದೂ ಸಾಮಾನ್ಯವಾಗಿ ಇಂಥ ದಿನಗಳಲ್ಲಿಯೇ. ಎತ್ತುವ ಕೂಲಿಯಾಳುಗಳು ಸಿಗದಿರುವುದೂ ಆಗಲೇ.

ನೀರೆತ್ತುವ ಲೆಕ್ಕ

ಒಂದು ಯೂನಿಟ್ ವಿದ್ಯುತ್ತು, ಎಳ್ಳಷ್ಟೂ ಪೋಲಾಗದಿದ್ದರೆ, ಒಂದು ಸಾವಿರ ಲೀಟರ್ ನೀರನ್ನು 367 ಮೀಟರ್ ಎತ್ತರಕ್ಕೆ ಏರಿಸುತ್ತದೆ. ಇದು ಗುರುತ್ವದ ಲೆಕ್ಕ. ಯಾವ ಕಂಪನಿಯ ಪಂಪಾದರೂ ಇದನ್ನು ಮೀರಲಾರದು. ಆದರೆ ವಾಸ್ತವದಲ್ಲಿ ಮೋಟಾರಿನ ಸುರುಳಿ ಬಿಸಿಯಾಗುವುದರಲ್ಲಿ, ಬುಷ್‌ಗಳ ಘರ್ಷಣೆಯಲ್ಲಿ, ಇಂಪೆಲ್ಲರ್‌ಗಳ ಸಂದಿಯಲ್ಲಿ ನೀರು ಹಿಂದಕ್ಕೆ ಸೋರುವುದರಲ್ಲಿ, ಉದ್ದನೆಯ ಕೇಬಲ್ಲಿನಲ್ಲಿ ಸಾಕಷ್ಟು ಶಕ್ತಿ ವ್ಯಯವಾಗುತ್ತದೆ. ಮನೆಬಳಕೆಯ ಸಣ್ಣ ಸಬ್‌ಮರ್ಸಿಬಲ್ ಪಂಪುಗಳಲ್ಲಿ ಒಟ್ಟು ದಕ್ಷತೆ ಶೇಕಡಾ 30ರಿಂದ 40ರ ಆಸುಪಾಸಿನಲ್ಲಿದ್ದರೆ ಅದು ತೃಪ್ತಿಕರವೆಂದೇ ಹೇಳಬೇಕು. ಮೀಟರಿನಲ್ಲಿ ಓಡುವ ಮೂರು ಯೂನಿಟ್‌ನಲ್ಲಿ ಸರಿಸುಮಾರು ಒಂದು ಮಾತ್ರ ನೀರಾಗಿ ಮೇಲೆ ಬರುತ್ತದೆ ಎಂದರ್ಥ.

ಎಂ.ಸಿ.ಸಿ. ಬಡಾವಣೆಯ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಪಂಪು. ಓಡುತ್ತಿರುವಾಗ ಬಾವಿಯ ನೀರಿನ ಮಟ್ಟ ನೆಲದಿಂದ 75 ಮೀಟರ್ ಕೆಳಗೆ. ತಾರಸಿಯ ಟ್ಯಾಂಕಿನ ಬಾಯಿ 12 ಮೀಟರ್ ಮೇಲೆ. ಪೈಪಿನ ಘರ್ಷಣೆಗೆ 3 ಮೀಟರ್ ಸೇರಿಸಿದರೆ ಒಟ್ಟು ಎತ್ತರ 90 ಮೀಟರ್. ನಿಮಿಷಕ್ಕೆ 36 ಲೀಟರ್ ನೀರು ಬರುತ್ತಿದ್ದರೆ ಸಾವಿರ ಲೀಟರಿನ ಟ್ಯಾಂಕು ತುಂಬಲು ಸುಮಾರು 28 ನಿಮಿಷ ಬೇಕು. ಮೋಟಾರು ಎಳೆಯುವ ಶಕ್ತಿ 1.5 ಕಿಲೋವ್ಯಾಟ್ ಆಗಿದ್ದರೆ ಆ ಟ್ಯಾಂಕಿಗೆ ತಗುಲುವುದು 0.7 ಯೂನಿಟ್. ಒಟ್ಟು ದಕ್ಷತೆ ಶೇಕಡಾ 35. ಪಂಪು ಹೊಸದಿದ್ದಾಗ ಸಿಗಬಹುದಾದ ಅಂಕಿ ಇದು.

ವರ್ಷ ಕಳೆದ ಮೇಲೆ ಅದೇ ಟ್ಯಾಂಕು ತುಂಬಲು 42 ನಿಮಿಷ ಹಿಡಿಯುತ್ತದೆ, ಮೋಟಾರಿನ ಶಕ್ತಿ 1.4 ಕಿಲೋವ್ಯಾಟ್‌ಗೆ ಇಳಿದಿದೆ ಎಂದಿರಲಿ. ಸ್ಟಾರ್ಟರ್ ಪೆಟ್ಟಿಗೆಯ ಅಂಪೇರ್ ಮುಳ್ಳನ್ನು ಮಾತ್ರ ನೋಡುವವರು ‘ಲೋಡ್ ಕಡಿಮೆಯೇ ಇದೆ, ಮೋಟಾರು ಚೆನ್ನಾಗಿದೆ’ ಎಂದು ನಿಶ್ಚಿಂತರಾಗುತ್ತಾರೆ. ಆದರೆ ಸಾವಿರ ಲೀಟರಿಗೆ ತಗುಲುವ ವಿದ್ಯುತ್ತು 0.98 ಯೂನಿಟ್‌ಗೆ ಏರಿದೆ, ಅಂದರೆ ಶೇಕಡಾ 40ರಷ್ಟು ಹೆಚ್ಚಾಗಿದೆ. ಆದ್ದರಿಂದ ನೋಡಬೇಕಾದ ಮುಖ್ಯ ಅಂಕಿ ಅಂಪೇರೂ ಅಲ್ಲ, ಕಿಲೋವ್ಯಾಟೂ ಅಲ್ಲ. ಸಾವಿರ ಲೀಟರಿಗೆ ಎಷ್ಟು ಯೂನಿಟ್ ಎಂಬುದು.

ದಿನಕ್ಕೆ 1500 ಲೀಟರ್ ಎತ್ತುವ ಎರಡು ಸಂಸಾರದ ಮನೆಯಲ್ಲಿ ಈ ವ್ಯತ್ಯಾಸ ತಿಂಗಳಿಗೆ ಸುಮಾರು 13 ಯೂನಿಟ್. ಅಂಕಿ ಸಣ್ಣದೆನಿಸಬಹುದು. ಆದರೆ 2023ರಲ್ಲಿ ಜಾರಿಗೆ ಬಂದ ‘ಗೃಹಜ್ಯೋತಿ’ ಯೋಜನೆಯಡಿ ಉಚಿತ ವಿದ್ಯುತ್ತಿನ ಮಿತಿ ನಿಗದಿಯಾಗಿರುವುದು ಆ ಮನೆಯ 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ. ಸರಾಸರಿ 110 ಯೂನಿಟ್ ಇದ್ದ ಮನೆಗೆ ಮಿತಿ 121. ಪಂಪಿನ ಸವೆತವೊಂದೇ ಆ 11 ಯೂನಿಟ್‌ಗಳ ಅವಕಾಶವನ್ನು ನುಂಗಿಹಾಕುತ್ತದೆ. ಬಳಕೆ 200 ಯೂನಿಟ್ ದಾಟಿದ ತಿಂಗಳಂತೂ ಪೂರ್ತಿ ಬಿಲ್ಲನ್ನು ಕಟ್ಟಬೇಕು. 190ರ ಅಂಚಿನಲ್ಲಿರುವ ಮನೆಗೆ 13 ಯೂನಿಟ್ ಎಂದರೆ ಸಣ್ಣ ಮಾತಲ್ಲ. ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು: ಮೊತ್ತದ ಜಾಗದಲ್ಲಿ ಸೊನ್ನೆ ಬರತೊಡಗಿದ ಮೇಲೆ ಬಿಲ್ಲಿನ ಚೀಟಿಯನ್ನು ಓದುವವರೇ ಕಡಿಮೆಯಾಗಿದ್ದಾರೆ. ಬಳಸಿದ ಯೂನಿಟ್ ಎಷ್ಟು ಎಂಬುದು ಅದರಲ್ಲಿ ಈಗಲೂ ಅಚ್ಚಾಗಿಯೇ ಇರುತ್ತದೆ.

ಮನೆಯ ಮೀಟರೇ ಸಾಕು

ಈ ಪರೀಕ್ಷೆಗೆ ಹೊಸ ಉಪಕರಣ ಕೊಳ್ಳಬೇಕಾಗಿಲ್ಲ. ಬೆಸ್ಕಾಂ ಅಳವಡಿಸಿರುವ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪವೊಂದಿದೆ. ಒಂದು ಯೂನಿಟ್‌ಗೆ ಅದು ಎಷ್ಟು ಬಾರಿ ಮಿನುಗುತ್ತದೆ ಎಂಬ ಸಂಖ್ಯೆ ಮೀಟರಿನ ಮುಖದ ಮೇಲೆಯೇ ಮುದ್ರಿತವಾಗಿರುತ್ತದೆ. ಸಿಂಗಲ್ ಫೇಸ್ ಮೀಟರುಗಳಲ್ಲಿ 3200 ಎಂಬುದು ಸಾಮಾನ್ಯವಾಗಿ ಕಾಣುವ ಸಂಖ್ಯೆ. ಫ್ರಿಜ್ಜು, ಗೀಸರು, ಫ್ಯಾನು ಮುಂತಾದ ಎಲ್ಲವನ್ನೂ ಆರಿಸಿ, ಪಂಪೊಂದನ್ನೇ ಓಡಿಸಿ, ಐದು ನಿಮಿಷ ಬಿಟ್ಟು ಎಣಿಸಬೇಕು. 15 ಸೆಕೆಂಡಿನಲ್ಲಿ 20 ಬಾರಿ ಮಿನುಗಿದರೆ ನಿಮಿಷಕ್ಕೆ 80, ಗಂಟೆಗೆ 4800. ಅದನ್ನು 3200ರಿಂದ ಭಾಗಿಸಿದರೆ 1.5 ಕಿಲೋವ್ಯಾಟ್. ಹಳೆಯ ತಟ್ಟೆ ಮೀಟರಿನ ಕಾಲದಲ್ಲಿ ಕಪ್ಪು ಗೆರೆ ಸುತ್ತುವುದನ್ನು ಎಣಿಸಿ ಇದೇ ಲೆಕ್ಕ ಹಾಕುತ್ತಿದ್ದರು. ಮೀಟರಿನ ಮುಚ್ಚಳವನ್ನಾಗಲಿ ಸೀಲನ್ನಾಗಲಿ ಮುಟ್ಟುವ ಅಗತ್ಯ ಇದರಲ್ಲಿಲ್ಲ. ಮುಟ್ಟುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಅಪರಾಧ.

ನೀರಿನ ಅಳತೆಗೆ ಟ್ಯಾಂಕಿನ ಬಾಯಲ್ಲಿ ಗುರುತಿರುವ ಬಕೆಟ್ ಹಿಡಿದು ಸೆಕೆಂಡು ಎಣಿಸಬಹುದು, ಅಥವಾ ಖಾಲಿ ಟ್ಯಾಂಕು ತುಂಬುವ ಸಮಯ ನೋಡಬಹುದು. ಕೊಳವೆಬಾವಿ ಕೊರೆಯುವವರು ಹೇಳುವ ‘ಎರಡಿಂಚು ನೀರು’, ‘ಒಂದಿಂಚು ನೀರು’ ಎಂಬ ಮಾತು ಈ ಲೆಕ್ಕಕ್ಕೆ ನೇರವಾಗಿ ಒದಗುವುದಿಲ್ಲ. ಅದು ಪೈಪಿನ ಅಳತೆಯಲ್ಲ; ‘ವಿ’ ಆಕಾರದ ಕಚ್ಚಿನ ಮೂಲಕ ಹರಿಯುವ ನೀರಿನ ಎತ್ತರ. ಲಂಬಕೋನದ ಕಚ್ಚಿನಲ್ಲಿ ಎರಡಿಂಚು ಎಂದರೆ ನಿಮಿಷಕ್ಕೆ ಸುಮಾರು 48 ಲೀಟರ್. ಒಂದಿಂಚು ಎಂದರೆ ಎಂಟೂವರೆ ಲೀಟರ್ ಮಾತ್ರ. ಎರಡಿಂಚು ಒಂದಿಂಚಿಗೆ ಇಳಿಯಿತೆಂದರೆ ನೀರು ಅರ್ಧವಾಯಿತೆಂದು ತಿಳಿಯುವವರೇ ಹೆಚ್ಚು. ನಿಜದಲ್ಲಿ ಅದು ಆರರಲ್ಲೊಂದು ಪಾಲಿನ ಸಮೀಪಕ್ಕೆ ಕುಸಿದಿರುತ್ತದೆ.

ಎಲೆಕ್ಟ್ರಿಷಿಯನ್ನರ ಕೈಯಲ್ಲಿರುವ ಟಾಂಗ್ ಟೆಸ್ಟರ್ ತೋರಿಸುವುದು ಅಂಪೇರ್ ಮಾತ್ರ. ಶಕ್ತಿಯನ್ನು ತಿಳಿಯಲು ವೋಲ್ಟೇಜ್ ಮತ್ತು ಪವರ್ ಫ್ಯಾಕ್ಟರ್ ಎರಡೂ ಬೇಕು. ಸಂಜೆ ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಅದೇ ನೀರೆತ್ತಲು ಮೋಟಾರು ಹೆಚ್ಚು ಅಂಪೇರ್ ಎಳೆಯುತ್ತದೆ. ಶಕ್ತಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಾವಿಯಲ್ಲಿ ನೀರು ಮುಗಿದು ಪಂಪು ಒಣಗಿ ಓಡುವಾಗ ಇದಕ್ಕೆ ವ್ಯತಿರಿಕ್ತ. ಮೋಟಾರಿನ ಕಾಂತಕ್ಷೇತ್ರಕ್ಕೆ ಬೇಕಾದ ಪ್ರವಾಹ ಹಾಗೆಯೇ ಉಳಿಯುವುದರಿಂದ ಅಂಪೇರ್ ತುಸು ಮಾತ್ರ ಇಳಿದಿರುತ್ತದೆ. ಶಕ್ತಿಯಾದರೋ ಅರ್ಧಕ್ಕೆ ಬಂದಿರಬಹುದು. ಅಂಪೇರ್ ಆಧರಿಸಿದ ಅಗ್ಗದ ಡ್ರೈ ರನ್ ಪ್ಯಾನೆಲ್‌ಗಳು ಕೆಲವೊಮ್ಮೆ ವಿನಾಕಾರಣ ಟ್ರಿಪ್ ಆಗುವುದಕ್ಕೂ, ಕೆಲವೊಮ್ಮೆ ಟ್ರಿಪ್ ಆಗಬೇಕಾದಾಗ ಸುಮ್ಮನಿರುವುದಕ್ಕೂ ಇದೇ ಕಾರಣ.

ಅಂಕಿಗಳು ಹೇಳುವ ಕಾಯಿಲೆಗಳು

ನೀರು ಮತ್ತು ಶಕ್ತಿ ಎರಡೂ ನಿಧಾನವಾಗಿ, ತಿಂಗಳುಗಟ್ಟಲೆ ಇಳಿಯುತ್ತಾ ಬಂದರೆ ಮೊದಲು ಸಂಶಯಿಸಬೇಕಾದುದು ಪಂಪನ್ನಲ್ಲ, ಅಂತರ್ಜಲವನ್ನು. ಬಾವಿಯ ನೀರು ಕೆಳಗಿಳಿದಷ್ಟೂ ಎತ್ತಬೇಕಾದ ಎತ್ತರ ಹೆಚ್ಚುತ್ತದೆ. ಬೋರ್‌ವೆಲ್‌ಗೆ ಬಳಸುವ ಬಹುಹಂತದ ಪಂಪು ಆಗ ಕಡಿಮೆ ನೀರನ್ನು ಕೊಡುತ್ತದೆ, ಕಡಿಮೆ ಶಕ್ತಿಯನ್ನು ಎಳೆಯುತ್ತದೆ. ನೀರಿನ ಮಟ್ಟ ಬದಲಾಗಿಲ್ಲವೆಂದು ಖಚಿತವಾದರೆ ಮಾತ್ರ ಇಂಪೆಲ್ಲರ್ ಸವೆತ ಅಥವಾ ಜರಡಿಯಲ್ಲಿ ಕಟ್ಟಿದ ಕಸ, ಇಲ್ಲವೇ ಗಡಸು ನೀರಿನ ಸುಣ್ಣ ಪೈಪಿನೊಳಗೆ ಪದರಗಟ್ಟಿರುವುದು ಕಾರಣವೆನ್ನಬಹುದು. ಕಿರಿದಾದ ಬಾವಿಯೊಳಗೆ ಹಗ್ಗ ಇಳಿಸಿ ಮಟ್ಟ ನೋಡುವುದು ಅಪಾಯ. ಹಗ್ಗ ಕೇಬಲ್ಲಿಗೆ ಸಿಕ್ಕಿಕೊಂಡರೆ ಪಂಪೇ ಮೇಲೆ ಬರಬೇಕಾಗುತ್ತದೆ. ಪಂಪು ಇಳಿಸುವ ದಿನವೇ ಪೈಪಿನ ಜೊತೆಗೆ ಒಂದು ಸಪೂರ ಪ್ಲಾಸ್ಟಿಕ್ ನಳಿಕೆಯನ್ನು ಕಟ್ಟಿ ಬಿಟ್ಟಿದ್ದರೆ ಈ ತೊಡಕಿಲ್ಲ. ಮೇಲಿನಿಂದ ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ, ಒತ್ತಡದ ಮುಳ್ಳು ಏರುವುದು ನಿಂತ ಕಡೆ ಓದಿದರೆ ನಳಿಕೆಯ ತುದಿಯ ಮೇಲೆ ಎಷ್ಟು ನೀರಿದೆ ಎಂದು ತಿಳಿಯುತ್ತದೆ: ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡಕ್ಕೆ ಹತ್ತು ಮೀಟರ್ ನೀರು. ಒಂದು ನಳಿಕೆಯ ಖರ್ಚಿನಲ್ಲಿ ಮುಂದಿನ ಹತ್ತು ವರ್ಷಗಳ ಊಹಾಪೋಹ ತಪ್ಪುವ ಈ ಉಪಾಯವನ್ನು ಪಂಪು ಇಳಿಸುವವರು ತಾವಾಗಿ ಸೂಚಿಸುವುದು ಅಪರೂಪ.

ಶಕ್ತಿ ಮೊದಲಿನಷ್ಟೇ ಅಥವಾ ತುಸು ಹೆಚ್ಚಾಗಿ ಇದ್ದು, ಟ್ಯಾಂಕಿಗೆ ಬರುವ ನೀರು ಥಟ್ಟನೆ ಕಡಿಮೆಯಾದರೆ ಪೈಪು ತೂತಾಗಿದೆ ಅಥವಾ ಜೋಡಣೆ ಸಡಿಲವಾಗಿದೆ ಎಂದು ತಿಳಿಯಬೇಕು. ಪಂಪು ತನ್ನ ಪಾಲಿನ ನೀರನ್ನು ಎತ್ತುತ್ತಲೇ ಇದೆ. ಅದರಲ್ಲಿ ಒಂದು ಭಾಗ ಅರ್ಧ ದಾರಿಯಲ್ಲಿ ಬಾವಿಗೇ ಮರಳುತ್ತಿದೆ. ಇಂಥ ಸಂದರ್ಭದಲ್ಲಿ ಕೇಸಿಂಗ್ ಪೈಪಿನ ಬಾಯಿಗೆ ಕಿವಿಗೊಟ್ಟರೆ ಒಳಗೆ ನೀರು ಸುರಿಯುವ ಸದ್ದು ಕೇಳಿಸುವುದುಂಟು. ಇದಕ್ಕೆ ಹತ್ತಿರದ ಇನ್ನೊಂದು ದೋಷ ಪಂಪಿನ ತಲೆಯ ಮೇಲಿರುವ ನಾನ್ ರಿಟರ್ನ್ ವಾಲ್ವ್ ಸೋರುವುದು. ವಾಲ್ವ್ ಸರಿಯಿದ್ದರೆ ಪೈಪಿನ ತುಂಬ ನೀರು ನಿಂತೇ ಇರುತ್ತದೆ, ಸ್ವಿಚ್ ಒತ್ತಿದ ಕೆಲವೇ ಕ್ಷಣಗಳಲ್ಲಿ ಟ್ಯಾಂಕಿಗೆ ನೀರು ಬೀಳುತ್ತದೆ. ಸೋರಿದರೆ ಪ್ರತಿ ಬಾರಿಯೂ ಖಾಲಿ ಪೈಪನ್ನು ಮೊದಲು ತುಂಬಬೇಕು. ಒಂದೂಕಾಲು ಇಂಚಿನ ಪೈಪು 75 ಮೀಟರ್ ಉದ್ದಕ್ಕೆ ಸುಮಾರು 60 ಲೀಟರ್ ಹಿಡಿಯುವುದರಿಂದ ಮೇಲಿನ ಉದಾಹರಣೆಯ ಪಂಪಿಗೆ ಅದು ಒಂದೂವರೆ ನಿಮಿಷಕ್ಕೂ ಮೀರಿದ ವ್ಯರ್ಥ ಓಟ. ದಿನಕ್ಕೊಮ್ಮೆ ಓಡಿಸುವವರಿಗೆ ಇದು ಗಮನಕ್ಕೇ ಬರದು; ಟ್ಯಾಂಕಿನ ಸೆನ್ಸರ್ ಅರ್ಧ ಗಂಟೆಗೊಮ್ಮೆ ಪಂಪನ್ನು ಎಬ್ಬಿಸುವ ಮನೆಯಲ್ಲಿ ಬಿಲ್ಲಿಗೇ ತಾಗುತ್ತದೆ.

ನೀರು ಮೊದಲಿನಷ್ಟೇ ಇದ್ದು ಶಕ್ತಿ ಮಾತ್ರ ಏರಿದರೆ ದೋಷವಿರುವುದು ತಿರುಗುವ ಭಾಗಗಳಲ್ಲಿ: ಮರಳು ತಿಂದ ಬುಷ್, ಸವೆದ ಥ್ರಸ್ಟ್ ಬೇರಿಂಗ್, ಅಥವಾ ಸರಿಯಾಗಿ ಆಗದ ರಿವೈಂಡಿಂಗ್. ರಿವೈಂಡ್ ಮಾಡಿಸಿ ತಂದ ಮೋಟಾರನ್ನು ಇಳಿಸಿದ ದಿನವೇ ಮೀಟರಿನ ಮಿನುಗು ಎಣಿಸಿಡುವುದು ಒಳ್ಳೆಯದು. ಸುಟ್ಟ ಮೋಟಾರಿಗೆ ಮೂಲ ಅಳತೆಯದಕ್ಕಿಂತ ತೆಳುವಾದ ತಂತಿ ಸುತ್ತಿದ್ದರೆ ಅದು ಓಡುವುದೇನೋ ಸರಿ, ಆದರೆ ಹೆಚ್ಚು ವಿದ್ಯುತ್ತು ನುಂಗಿ, ಹೆಚ್ಚು ಬಿಸಿಯಾಗಿ ಮತ್ತೆ ಅಂಗಡಿಗೆ ಬರುತ್ತದೆ. ಕೇಬಲ್ಲಿನ ವಿಷಯದಲ್ಲೂ ಇದೇ ಮಾತು. ನೂರು ಮೀಟರ್ ಆಳಕ್ಕೆ ಇಳಿದ 1.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲು ಏಳು ಅಂಪೇರ್ ಹೊತ್ತಾಗ ಸುಮಾರು 120 ವ್ಯಾಟ್ ಶಕ್ತಿಯನ್ನು ಬಿಸಿಯಾಗಿಯೇ ಕಳೆದುಬಿಡುತ್ತದೆ, 2.5 ಚದರ ಮಿಲಿಮೀಟರಿನದಾದರೆ ಈ ನಷ್ಟ ಮುಕ್ಕಾಲು ನೂರರ ಒಳಗೆ.

ಸ್ವಿಚ್ ಒತ್ತಿದೊಡನೆ ಗುಂಯ್ ಎಂಬ ಸದ್ದು ಪ್ಯಾನೆಲ್‌ನಲ್ಲಿ ಕೇಳಿಸಿ, ಅಂಪೇರ್ ಮುಳ್ಳು ತುದಿಗೆ ಹೋಗಿ, ನೀರು ಬಾರದಿದ್ದರೆ ಒಂದೋ ಪಂಪು ಮರಳಿನಿಂದ ಜಾಮ್ ಆಗಿದೆ, ಇಲ್ಲವೇ ಸ್ಟಾರ್ಟ್ ಕೆಪಾಸಿಟರ್ ಹೋಗಿದೆ. ಎರಡನೆಯದು ಅಲ್ಪ ಖರ್ಚಿನ ರಿಪೇರಿ, ಪಂಪು ಎತ್ತುವ ಪ್ರಮೇಯವೇ ಇಲ್ಲ. ಆದ್ದರಿಂದ ಯಾವ ಮೆಕ್ಯಾನಿಕ್ ಆದರೂ ಮೊದಲು ಕೆಪಾಸಿಟರ್ ಬದಲಿಸಿ ನೋಡದೆ ಪಂಪು ಎತ್ತಲು ಹೊರಟರೆ ಮನೆಯವರು ತಡೆಯುವುದು ನ್ಯಾಯ. ಶಕ್ತಿ ದಿಢೀರನೆ ಅರ್ಧಕ್ಕೆ ಇಳಿದು ಹನಿ ನೀರೂ ಬಾರದಿದ್ದರೆ ಬಾವಿ ಬತ್ತಿರಬಹುದು. ಮೋಟಾರು ಮತ್ತು ಪಂಪಿನ ನಡುವಿನ ಕಪ್ಲಿಂಗ್ ಮುರಿದಿರಲೂಬಹುದು. ಒಂದೆರಡು ಗಂಟೆ ಬಿಟ್ಟು ಓಡಿಸಿದಾಗ ನೀರು ಬಂದರೆ ಬಾವಿಯದು, ಬಾರದಿದ್ದರೆ ಕಪ್ಲಿಂಗಿನದು ಎಂದು ಅನುಮಾನಿಸಲು ಅವಕಾಶವಿದೆ.

ಇಷ್ಟಾದರೂ ಒಂದು ಎಚ್ಚರಿಕೆ ಅಗತ್ಯ. ನೀರು ಕಡಿಮೆಯಾದಾಗ ಶಕ್ತಿಯೂ ಇಳಿಯುತ್ತದೆ ಎಂಬುದು ಸಣ್ಣ ಬೋರ್‌ವೆಲ್ ಪಂಪುಗಳಿಗೆ ಬಹುಮಟ್ಟಿಗೆ ಸಲ್ಲುವ ಮಾತು. ಕಾಲುವೆ, ನದಿಗಳಿಂದ ಕಡಿಮೆ ಎತ್ತರಕ್ಕೆ ಅಪಾರ ನೀರೆತ್ತುವ ಪಂಪುಗಳಲ್ಲಿ ಕೆಲವು ಇದಕ್ಕೆ ತದ್ವಿರುದ್ಧವಾಗಿ ವರ್ತಿಸುತ್ತವೆ. ಇನ್ನು ಮೋಟಾರಿನ ನಿರೋಧಕ ಪದರ ಹಾಳಾಗಿ ವಿದ್ಯುತ್ ಸೋರುವುದು ಶಕ್ತಿಯ ಅಳತೆಯಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಮೆಗ್ಗರ್ ಪರೀಕ್ಷೆಯೇ ಆಗಬೇಕು. ಸೌರ ಪಂಪುಗಳಲ್ಲಿ ಬಿಸಿಲಿನೊಂದಿಗೆ ಶಕ್ತಿ ಏರಿಳಿಯುವುದರಿಂದ ಒಂದೇ ಅಂಕಿಯನ್ನು ಆಧಾರವಾಗಿ ಇಟ್ಟುಕೊಳ್ಳಲಾಗದು.

ದೊಡ್ಡ ಎಚ್‌ಪಿಯ ಭ್ರಮೆ

ಮಧ್ಯ ಕರ್ನಾಟಕದ ನೆಲದಡಿ ಇರುವುದು ಗಟ್ಟಿ ಶಿಲೆ. ನೀರು ನಿಂತಿರುವುದು ಅದರ ಬಿರುಕುಗಳಲ್ಲಿ. ಮರಳು ಪದರದ ಬಾವಿಯಂತೆ ಇಲ್ಲಿ ನೀರು ಎಲ್ಲ ಕಡೆಯಿಂದ ಒಸರುವುದಿಲ್ಲ. ಒಂದೆರಡು ಬಿರುಕು ಎಷ್ಟು ಕೊಟ್ಟರೆ ಅಷ್ಟೇ. ಇಂಥ ಬಾವಿಯ ವಿದ್ಯುತ್ ಬಳಕೆಯನ್ನು ನಿಮಿಷ ನಿಮಿಷಕ್ಕೆ ಗುರುತು ಹಾಕುತ್ತಾ ಹೋದರೆ ವಿಶಿಷ್ಟ ಚಿತ್ರವೊಂದು ಮೂಡುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಬಾವಿಯಲ್ಲಿ ನಿಂತ ನೀರು ಬರುವಾಗ ಶಕ್ತಿ ಸ್ಥಿರ. ಆಮೇಲೆ ಮಟ್ಟ ಕುಸಿದಂತೆ ನಿಧಾನವಾದ ಇಳಿತ. ಕೊನೆಗೆ ಪಂಪಿನ ಬಾಯಿಗೆ ಗಾಳಿ ಸೇರತೊಡಗಿದಾಗ ಮಿನುಗು ದೀಪದ ಲಯವೇ ತಪ್ಪುತ್ತದೆ, ಮುಳ್ಳು ಹಿಂದು ಮುಂದೆ ತೂಗಾಡುತ್ತದೆ. ಪೈಪಿನಿಂದ ನೀರು ಬುಸುಗುಟ್ಟುತ್ತಾ ಬರುತ್ತದೆ. ಪಂಪಿನಲ್ಲಿ ಯಾವ ದೋಷವೂ ಇಲ್ಲ. ಬಾವಿ ಕೊಡುವುದಕ್ಕಿಂತ ಹೆಚ್ಚನ್ನು ಅದು ಕೇಳುತ್ತಿದೆ.

ಆದರೆ ಈ ಹಂತದಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ‘ಎಚ್‌ಪಿ ಹೆಚ್ಚಿಸಿ’ ಎಂಬುದು. ಒಂದೂವರೆಯ ಜಾಗಕ್ಕೆ ಮೂರು ಎಚ್‌ಪಿ ಇಳಿಯುತ್ತದೆ, ಹದಿನೈದು ನಿಮಿಷದಲ್ಲಿ ಬತ್ತುತ್ತಿದ್ದ ಬಾವಿ ಏಳು ನಿಮಿಷದಲ್ಲಿ ಬತ್ತುತ್ತದೆ. ಸಬ್‌ಮರ್ಸಿಬಲ್ ಮೋಟಾರಿಗೆ ತಂಪು ಸಿಗುವುದು ಸುತ್ತಲಿನ ನೀರಿನಿಂದ, ಅದರ ಬುಷ್‌ಗಳಿಗೆ ಜಾರುಗುಣವೂ ನೀರಿನಿಂದಲೇ. ಒಣ ಓಟ ಮರುಕಳಿಸಿದಂತೆ ಅದರ ಆಯುಷ್ಯ ಕರಗುತ್ತದೆ. ತೂಗಾಟದ ಗುರುತು ಕಂಡವರು ಮಾಡಬೇಕಾದುದು ತಿರುವುಮುರುವು: ನೀರು ಬರುವ ವಾಲ್ವನ್ನು ಸ್ವಲ್ಪ ಬಿಗಿಮಾಡಿ ಹರಿವನ್ನು ಬಾವಿಯ ಶಕ್ತಿಗೆ ಹೊಂದಿಸುವುದು, ಅಥವಾ ಇಪ್ಪತ್ತು ನಿಮಿಷ ಓಟ, ಒಂದು ಗಂಟೆ ವಿಶ್ರಾಂತಿ ಎಂಬಂತೆ ಟೈಮರ್ ಇಡುವುದು. ಬಾವಿ ಚೇತರಿಸಿಕೊಳ್ಳಲು ಎಷ್ಟು ಹೊತ್ತು ಬೇಕೆಂಬುದನ್ನೂ ಈ ಅಂಕಿಗಳೇ ಹೇಳುತ್ತವೆ. ಹೊಸ ಮೋಟಾರು ಮಾರುವವನಿಗೆ ಇದರಿಂದ ಲಾಭವಿಲ್ಲ ಎಂಬುದು ಬೇರೆ ಮಾತು.

ಹೊಲದ ಪಂಪು, ಸರ್ಕಾರದ ಲೆಕ್ಕ

ನಗರದಾಚೆ ಈ ವಿಷಯ ಬೇರೆಯದೇ ಗಾತ್ರ ಪಡೆಯುತ್ತದೆ. ಚನ್ನಗಿರಿಯ ಅಡಿಕೆ ತೋಟ, ಜಗಳೂರಿನ ಒಣ ಹೊಲ ಎರಡೂ ಕೊಳವೆಬಾವಿಯನ್ನು ನಂಬಿವೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿದ್ದು, 10 ಎಚ್‌ಪಿವರೆಗಿನವಕ್ಕೆ ಉಚಿತ ವಿದ್ಯುತ್ತಿದೆ. ಅವುಗಳಲ್ಲಿ ಬಹುಪಾಲಿಗೆ ಮೀಟರ್ ಇಲ್ಲ. ಬಳಕೆಯನ್ನು ಫೀಡರ್ ಮತ್ತು ಟ್ರಾನ್ಸ್‌ಫಾರ್ಮರ್ ಮೀಟರುಗಳಿಂದ ಅಂದಾಜಿಸಲಾಗುತ್ತದೆ. ಬಿಲ್ಲು ಬಾರದ ರೈತನಿಗೆ ದಕ್ಷತೆಯ ಚಿಂತೆ ಇರುವುದಿಲ್ಲ ಎಂದು ಹಲವರು ಹೇಳುವುದುಂಟು. ಇದು ಪೂರ್ತಿ ನಿಜವಲ್ಲ. ತ್ರೀ ಫೇಸ್ ವಿದ್ಯುತ್ತು ದಿನಕ್ಕೆ ಏಳು ಗಂಟೆ ಎಂಬ ಲೆಕ್ಕದಲ್ಲಿ ಬರುವಾಗ, ಗಂಟೆಗೆ ಎಷ್ಟು ನೀರು ಎಂಬುದೇ ರೈತನ ಬೆಳೆಯನ್ನು ನಿರ್ಧರಿಸುತ್ತದೆ. ಸವೆದ ಪಂಪು ಅವನ ಗಂಟೆಗಳನ್ನು ಕದಿಯುತ್ತದೆ.

ಪಂಪು ಬದಲಾವಣೆಯ ಪ್ರಯೋಗಗಳು ರಾಜ್ಯದಲ್ಲಿ ನಡೆದಿವೆ. ಅಮೆರಿಕದ ಯುಎಸ್‌ಏಡ್ ನೆರವಿನ ನೀರು–ವಿದ್ಯುತ್ ಯೋಜನೆಯಡಿ ಬೆಸ್ಕಾಂನ ದೊಡ್ಡಬಳ್ಳಾಪುರ ಪ್ರದೇಶದಲ್ಲಿ, ನಂತರ ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಕಾರ್ಯಕ್ರಮದಡಿ ಮಂಡ್ಯ ಜಿಲ್ಲೆಯ ಮಳವಳ್ಳಿ ಭಾಗದಲ್ಲಿ ಹಳೆಯ ಪಂಪುಗಳನ್ನು ತೆಗೆದು ಹೆಚ್ಚು ದಕ್ಷತೆಯವನ್ನು ಹಾಕಲಾಯಿತು. ಇಂಥ ಯೋಜನೆಗಳಲ್ಲಿ ‘ಉಳಿತಾಯ ಎಷ್ಟು’ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಹಳೆಯ ಪಂಪಿನ ಶಕ್ತಿ ಮತ್ತು ನೀರು ಎರಡನ್ನೂ ಮೊದಲೇ ಅಳೆದಿರಬೇಕು. ಇಲ್ಲದಿದ್ದರೆ ಉಳಿಯುವುದು ಕೇವಲ ವಾದ. ಮಾರುಕಟ್ಟೆಯಲ್ಲಿ ಸಿಗುವ ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗಳಿಗೆ ಐಎಸ್ 8034 ಎಂಬ ಭಾರತೀಯ ಮಾನಕವಿದೆ, ಬ್ಯೂರೋದ ನಕ್ಷತ್ರ ಗುರುತಿನ ಪಟ್ಟಿಯೂ ಇದೆ. ಆದರೆ ನಕ್ಷತ್ರಗಳು ಹೇಳುವುದು ಕಾರ್ಖಾನೆಯಿಂದ ಹೊರಟ ದಿನದ ದಕ್ಷತೆಯನ್ನು. ಎತ್ತರಕ್ಕೆ ಹೊಂದದ ಐದು ನಕ್ಷತ್ರದ ಪಂಪು ಹೊಂದುವ ಸಾಧಾರಣ ಪಂಪಿಗಿಂತ ಕಡೆ.

ಮೋಟಾರಿನ ವಿದ್ಯುತ್ತು ನೀರಿನ ಲೆಕ್ಕವನ್ನೂ ಕೊಡಬಲ್ಲದು ಎಂಬುದಕ್ಕೆ ಅಮೆರಿಕದ ಕಾನ್ಸಾಸ್ ಮತ್ತು ಕೊಲರಾಡೋ ರಾಜ್ಯಗಳ ವ್ಯಾಜ್ಯ ಒಳ್ಳೆಯ ನಿದರ್ಶನ. ಕಾವೇರಿ, ಕೃಷ್ಣಾ ವಿವಾದಗಳನ್ನು ಕಂಡ ಕನ್ನಡಿಗರಿಗೆ ಇದು ಅಪರಿಚಿತ ಕಥೆಯೇನಲ್ಲ. ಅರ್ಕಾನ್ಸಾಸ್ ನದಿಯ ದಡದ ಬಾವಿಗಳಿಂದ ಕೊಲರಾಡೋ ರೈತರು ಮಿತಿಮೀರಿ ನೀರೆತ್ತುತ್ತಿದ್ದಾರೆ, ಅದರಿಂದ ನದಿಯ ಪಾಲು ಕೆಳಗಿಳಿಯುತ್ತಿಲ್ಲ ಎಂದು ಕಾನ್ಸಾಸ್ 1985ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1995ರಲ್ಲಿ ತೀರ್ಪು ಕಾನ್ಸಾಸ್ ಪರವಾಗಿ ಬಂತು. ಈ ನಡುವೆ ಕೊಲರಾಡೋ ಬಾವಿಗಳ ನೀರನ್ನು ಅಳೆಯುವ ನಿಯಮಗಳನ್ನು ತಂದಿತು. ಬಾವಿಗೆ ನೀರಿನ ಮೀಟರ್ ಹಾಕಿಸಬೇಕು, ಇಲ್ಲವೇ ಆ ಪಂಪು ನಿರ್ದಿಷ್ಟ ಪ್ರಮಾಣದ ನೀರಿಗೆ ಎಷ್ಟು ಯೂನಿಟ್ ತೆಗೆದುಕೊಳ್ಳುತ್ತದೆ ಎಂದು ಪರೀಕ್ಷಿಸಿ, ವಿದ್ಯುತ್ ಬಿಲ್ಲಿನಿಂದ ನೀರನ್ನು ಲೆಕ್ಕ ಹಾಕಬೇಕು. ಮನೆಯ ಟ್ಯಾಂಕಿಗೆ ಹಾಕಿದ ಸಾವಿರ ಲೀಟರಿಗೆ ಇಷ್ಟು ಯೂನಿಟ್ ಎಂಬ ಲೆಕ್ಕವೇ ಅಲ್ಲಿ ಎರಡು ರಾಜ್ಯಗಳ ನಡುವಿನ ಸಾಕ್ಷ್ಯವಾಯಿತು. ನೀರಿನ ಮಟ್ಟ ಬದಲಾದಂತೆ ಈ ಅಂಕಿಯೂ ಬದಲಾಗುವುದರಿಂದ ಪರೀಕ್ಷೆಯನ್ನು ಕೆಲವು ವರ್ಷಗಳಿಗೊಮ್ಮೆ ಹೊಸದಾಗಿ ನಡೆಸುವುದು ಕಡ್ಡಾಯ. ಕ್ಯಾಲಿಫೋರ್ನಿಯಾದ ವಿದ್ಯುತ್ ಕಂಪನಿ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ತನ್ನ ಗ್ರಾಹಕರ ಪಂಪುಗಳನ್ನು ಹೀಗೆ ಪರೀಕ್ಷಿಸುವ ಸೇವೆಯನ್ನು ಆರಂಭಿಸಿದ್ದು 1911ರಲ್ಲಿ. ಶಿವನಸಮುದ್ರದ ವಿದ್ಯುತ್ತು ಹರಿಯತೊಡಗಿ ಆಗ ಒಂಬತ್ತು ವರ್ಷವಾಗಿತ್ತಷ್ಟೆ.

ಯಂತ್ರಜ್ಞಾನಕ್ಕೆ ದಾವಣಗೆರೆ ಸೀಮೆ ಹೊಸತಲ್ಲ. ಹತ್ತಿ ಗಿರಣಿಗಳ ಊರು. ಪಕ್ಕದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ವರ್ಕ್‌ಶಾಪ್‌ಗಳಲ್ಲೆಲ್ಲ ಇದ್ದವು. ಗಿರಣಿಗಳೂ ಆ ಕಾರ್ಖಾನೆಯೂ ಗತಕಾಲಕ್ಕೆ ಸೇರಿವೆ. ಮೋಟಾರಿನ ಪ್ರತಿ ಅಂಪೇರನ್ನೂ ಲಾಗ್ ಪುಸ್ತಕದಲ್ಲಿ ಬರೆದಿಡುವುದು ಅಂಥ ಕಾರ್ಖಾನೆಗಳ ನಿತ್ಯದ ಶಿಸ್ತು. ಮನೆಯ ಪಂಪಿಗೆ ಬೇಕಿರುವುದು ಅದರ ಅತಿ ಚಿಕ್ಕ ರೂಪ.

ಮಾರುಕಟ್ಟೆಯಲ್ಲಿ ಈಗ ಕಿಲೋವ್ಯಾಟ್, ಯೂನಿಟ್, ಪವರ್ ಫ್ಯಾಕ್ಟರ್ ಎಲ್ಲವನ್ನೂ ತೋರಿಸುವ ಪುಟ್ಟ ಡಿಜಿಟಲ್ ಮೀಟರುಗಳು, ಮೊಬೈಲ್‌ಗೆ ಸಂದೇಶ ಕಳಿಸುವ ಸ್ಟಾರ್ಟರ್‌ಗಳು ಸಿಗುತ್ತವೆ. ಅಪಾರ್ಟ್‌ಮೆಂಟಿನ ಸಾಮಾನ್ಯ ಪಂಪಿಗೆ ಅವು ಯೋಗ್ಯ ಖರ್ಚು. ಒಂಟಿ ಮನೆಗೆ ಒಂದು ಚೀಟಿ ಸಾಕು. ಪಂಪು ಇಳಿಸಿದ ದಿನಾಂಕ, ಎಷ್ಟು ಪೈಪು ಇಳಿಯಿತು, ಕೇಬಲ್ಲಿನ ಅಳತೆ, ನೀರಿನ ಮಟ್ಟ, ವೋಲ್ಟೇಜ್, ಅಂಪೇರ್, 15 ಸೆಕೆಂಡಿನ ಮಿನುಗು, ಟ್ಯಾಂಕು ತುಂಬಿದ ನಿಮಿಷ, ಸ್ವಿಚ್ ಒತ್ತಿದ ಎಷ್ಟು ಸೆಕೆಂಡಿಗೆ ನೀರು ಬಿತ್ತು ಎಂಬುದನ್ನು ಬರೆದು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಬೇಕು. ಅದರ ಕೆಳಗೆ ಮೂರು ತಿಂಗಳಿಗೊಂದು ಸಾಲು, ಬೇಸಿಗೆಯಲ್ಲಿ ತಿಂಗಳಿಗೊಂದು ಸಾಲು ಸೇರಿಸುತ್ತಾ ಹೋದರೆ ಆಯಿತು. ಹೋಲಿಕೆ ಸರಿಯಾಗಬೇಕಾದರೆ ಪ್ರತಿ ಬಾರಿಯೂ ಬೆಳಗಿನ ಒಂದೇ ಹೊತ್ತಿನಲ್ಲಿ, ರಾತ್ರಿಯಿಡೀ ಬಾವಿ ವಿಶ್ರಾಂತಿ ಪಡೆದ ಮೇಲೆ ಅಳೆಯಬೇಕು. ಸಾವಿರ ಲೀಟರಿನ ಯೂನಿಟ್ ಮೊದಲ ದಿನದ ಅಂಕಿಗಿಂತ ಕಾಲು ಭಾಗ ಹೆಚ್ಚಾದಾಗ ಕಾರಣ ಹುಡುಕಲು ಆರಂಭಿಸುವುದು ಲೇಸು. ಮಾರ್ಚ್ ತಿಂಗಳಿಗೆ ಮುಂಚೆಯೇ ಆದರೆ ಪಂಪು ಎತ್ತುವವರು ಕರೆದ ದಿನವೇ ಬರುತ್ತಾರೆ.